ಮುತ್ಯಾನ ಪೇಟಿಯೊಳಗೆ ಕಂಪ್ಯೂಟರ್ ಕೂರಿಸಿದ್ದು

ನಮ್ಮ ಕಡೆ ಹಾರ್ಮೋನಿಯಂ ಅನ್ನುವವರು ಕಡಿಮೆ, ಪೇಟಿ ಅಂತೀವಿ. ಬಾರಿಸುವವರು ಪೇಟಿ ಮಾಸ್ತರ. ನಮ್ಮ ಮುತ್ಯಾ, ಅಂದರೆ ಅಜ್ಜ, ಆಳಂದ ತಾಲೂಕಿನ ನಮ್ಮೂರ ಭಜನಿ ಮಂಡಳಿಗೆ ಪೇಟಿ ಬಾರಿಸುತ್ತಿದ್ದ. ಅವನು ತೀರಿಕೊಂಡ ಮೇಲೆ ಪೇಟಿ ಅಟ್ಟ ಸೇರಿತು. ಹೋದ ವರ್ಷ ಮಾಳಿಗೆ ರಿಪೇರಿಗೆಂದು ಕೆಳಗೆ ಇಳಿಸಿದಾಗ ನೋಡಿದರೆ, ತಳದ ಹಲಗೆಯನ್ನು ಗೆದ್ದಲು ಪೂರ್ತಿ ತಿಂದಿತ್ತು, ತಿದಿಯಲ್ಲಿ ನಾಲ್ಕು ಕಡೆ ತೂತು.

ಕಲಬುರಗಿಗೆ ತಂದು ಮೊದಲು ತೋರಿಸಿದ್ದು ಪೇಟಿ ರಿಪೇರಿ ಮಾಡುವ ಹಿರಿಯರೊಬ್ಬರಿಗೆ. ಇನ್ನೂ ನುಡಿಯುವ ವಾದ್ಯದ ಹೊಟ್ಟೆ ಬಗೆದು ಕಂಪ್ಯೂಟರ್ ಡಬ್ಬಿ ಮಾಡುವುದು ತಪ್ಪು, ಯಾರೂ ಮಾಡಬಾರದು. ಅವರು ಬಿಚ್ಚಿ, ಬೆಳಕಿಗೆ ಹಿಡಿದು ನೋಡಿದರು. “ರೀಡ್ ಬೋರ್ಡ್ ಸೀಳ್ಯದ ತಮ್ಮಾ, ಇನ್ನ ಗಾಳಿ ಹಿಡಿಯಂಗಿಲ್ಲ. ಸ್ವರ ಮಾತ್ರ ಚೊಲೊ ಅವ, ಪಾಲಿತಾನಾದವು. ಬ್ಯಾರೆ ಪೇಟಿಗಿ ಹಾಕ್ತೀನಿ, ಕೊಡು” ಅಂದರು. ಕೊಟ್ಟೆ. ಗುಜರಾತಿನ ಪಾಲಿತಾನಾದ ಆ ಸ್ವರಗಳು, ಅಂದರೆ ಗಾಳಿಗೆ ನಡುಗಿ ನುಡಿಯುವ ಹಿತ್ತಾಳೆಯ ರೀಡುಗಳು, ಈಗ ಯಾವುದೋ ಊರಿನ ಗುಡಿಯಲ್ಲಿ ನುಡಿಯುತ್ತಿರಬೇಕು. ನನಗೆ ಉಳಿದದ್ದು ತೇಗದ ಮೈ, ಕರಿ-ಬಿಳಿ ಪಟ್ಟಿಗಳು, ಮುಂದೆ ಎಳೆಯುವ ಗುಂಡಿಗಳಾದ ಸ್ಟಾಪರ್‌ಗಳು ಮತ್ತು ಹರಿದ ತಿದಿ.

ಸೂಪರ್ ಮಾರ್ಕೆಟ್ ಹತ್ತಿರ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ ಇದೆ. ಮನೆಯಲ್ಲೂ ಒಂದು ಕಂಪ್ಯೂಟರ್ ಬೇಕಿತ್ತು. ಅಂಗಡಿಯ ಕೆಲಸ ರಾತ್ರಿ ಮುಂದುವರಿಸುವುದಕ್ಕೆ ಒಂದು, ಮುತ್ಯಾನ ಭಜನೆಯ ಕ್ಯಾಸೆಟ್‌ಗಳು ಕೆಟ್ಟುಹೋಗುವ ಮೊದಲು ತುಂಬಿಸಿಕೊಳ್ಳುವುದಕ್ಕೆ ಇನ್ನೊಂದು. ಅವನ ಪದಗಳು ಅವನ ಪೇಟಿಯಿಂದಲೇ ಬರಲಿ ಎಂಬ ಆಸೆ ಹುಟ್ಟಿದ್ದು ಹಾಗೆ.

ಆಸೆ ಎಷ್ಟೇ ಇದ್ದರೂ ಈ ಡಬ್ಬಿಯನ್ನು ನಾನು ಒಪ್ಪಿದ್ದಕ್ಕೆ ಕಾರಣ ಬೇರೆ. ಕಂಪ್ಯೂಟರ್‌ಗೆ ಡಬ್ಬಿ ಹುಡುಕುವಾಗ ಅದರ ಚೆಂದ ನೋಡುವ ಮೊದಲು ಗಾಳಿ ಎಲ್ಲಿ ಬರುತ್ತದೆ, ಎಲ್ಲಿ ಹೋಗುತ್ತದೆ ನೋಡಬೇಕು. ನಮ್ಮ ಕಲಬುರಗಿಯಲ್ಲಿ ಇದನ್ನು ಮರೆತರೆ ನಡೆಯುವುದಿಲ್ಲ. ಮೇ ತಿಂಗಳಲ್ಲಿ ಹೊರಗೆ 42, 43 ಡಿಗ್ರಿ ಇರುತ್ತದೆ. ಪೇಟಿ ಅಂದರೆ ಗಾಳಿಗೆಂದೇ ಕಟ್ಟಿದ ಪೆಟ್ಟಿಗೆ. ಹಿಂದಿನ ತಿದಿಯ ಹಲಗೆಯ ತೂತಿನಿಂದ ಗಾಳಿ ಒಳಗೆ ಬರುತ್ತದೆ, ಆ ತೂತಿಗೆ ಚರ್ಮದ ಮುಚ್ಚಳ ಇರುವುದರಿಂದ ಮರಳಿ ಹೋಗುವುದಿಲ್ಲ. ಹೊಟ್ಟೆಯಲ್ಲಿ ತುಂಬಿಕೊಂಡು ಸ್ವರಗಳ ಮೂಲಕ ಹಾದು ಮೇಲೆ ಪಟ್ಟಿಗಳ ಕಡೆಯಿಂದ ಹೊರಬೀಳುತ್ತದೆ. ಪ್ರೊಸೆಸರ್ ತಂಪಾಗಿಡಲು ಬೇಕಾದ ದಾರಿಯೂ ಇದೇ.

ಅಳತೆ ತೆಗೆದೆ. ರೀಡ್ ಬೋರ್ಡ್, ಒಳತಿದಿ, ಅದರ ಸ್ಪ್ರಿಂಗು ಎಲ್ಲ ತೆಗೆದ ಮೇಲೆ ಒಳಗೆ 20 ಇಂಚು ಉದ್ದ, ಒಂಬತ್ತೂವರೆ ಇಂಚು ಅಗಲ, 4 ಇಂಚು ಎತ್ತರ ಸಿಕ್ಕಿತು. ಮಿನಿ ಐಟಿಎಕ್ಸ್ ಎಂಬ ಚಿಕ್ಕ ಅಳತೆಯ ಮದರ್‌ಬೋರ್ಡ್ ಅಂದರೆ 170 ಮಿ.ಮೀ. ಉದ್ದ, ಅಷ್ಟೇ ಅಗಲ, ಸಲೀಸಾಗಿ ಕೂರುತ್ತದೆ. ಗೊತ್ತಿದ್ದೂ ತಪ್ಪುವುದು ಎತ್ತರದಲ್ಲಿ. ಪ್ರೊಸೆಸರ್ ಆರಿಸಿದ್ದು ರೈಜನ್ 5 5600ಜಿ, ಯಾಕೆಂದರೆ ಗ್ರಾಫಿಕ್ಸ್ ಅದರಲ್ಲೇ ಇದೆ, ಬೇರೆ ಕಾರ್ಡ್ ಬೇಡ. ಅದರ ಜೊತೆ ಬರುವ, ಅದನ್ನು ತಂಪಾಗಿಡುವ ಫ್ಯಾನಿನ ಕೂಲರ್ 54 ಮಿ.ಮೀ. ಎತ್ತರ. ಬೋರ್ಡನ್ನು ಎತ್ತಿ ಹಿಡಿಯುವ ಕೆಳಗಿನ ಕಾಲು, ಬೋರ್ಡು, ಸಾಕೆಟ್ ಸೇರಿಸಿದರೂ ಮೇಲೆ ಒಂದು ಇಂಚಿನಷ್ಟು ಜಾಗ ಉಳಿಯಿತು. ಕೂಲರ್‌ಗೆ ಮೇಲಿನಿಂದ ಗಾಳಿ ಎಳೆದುಕೊಳ್ಳಲು ಅಷ್ಟಾದರೂ ಬೇಕು.

ಗೆದ್ದಲು ತಿಂದ ತಳ ತೆಗೆಸಿ ಬಡಿಗ್ಯಾರ ಕಡೆಯಿಂದ 9 ಮಿ.ಮೀ. ಪ್ಲೈವುಡ್ ಹಾಕಿಸಿದೆ. ಬೋರ್ಡಿನ ನಾಲ್ಕು ಮೂಲೆಯ ತೂತುಗಳನ್ನು ನೋಡಿ ಚೌಕ ಅಂದುಕೊಂಡು ಗುರುತು ಹಾಕಿ ಡ್ರಿಲ್ ಹೊಡೆದೆ. ಮೂರು ಕೂಡಿದವು, ನಾಲ್ಕನೆಯದು ಕೂಡಲಿಲ್ಲ. ಆ ನಾಲ್ಕು ತೂತು ಚೌಕದಲ್ಲಿ ಇರುವುದಿಲ್ಲ, ಒಂದು ಸುಮಾರು 23 ಮಿ.ಮೀ. ಸರಿದಿರುತ್ತದೆ. ದಿನಾ ಅಚ್ಚಿನ ಕೆಲಸ ಮಾಡುವ ನಾನು ಮೊದಲೇ ನಕ್ಷೆಯನ್ನು ನೂರಕ್ಕೆ ನೂರು ಅಳತೆಯಲ್ಲಿ ಪ್ರಿಂಟ್ ತೆಗೆದು ಅಂಟಿಸಬೇಕಿತ್ತು. ಎರಡನೆಯ ಸಲ ಹಾಗೇ ಮಾಡಿದೆ. ಹೊರಗಿನ ಮೈಗೆ ಗರಗಸ ಮುಟ್ಟಿಸಿದ್ದು ಒಂದೇ ಕಡೆ: ಎಡಮಗ್ಗುಲಲ್ಲಿ ಯುಎಸ್‌ಬಿ, ಎಚ್‌ಡಿಎಂಐ ಹೊರಗೆ ಕಾಣುವ ಕಿಟಕಿ, 159 ಮಿ.ಮೀ. ಉದ್ದ, 45 ಎತ್ತರ.

ಕರೆಂಟಿನ ವಿಷಯದಲ್ಲಿ ನಾನು ಹಟ ಹಿಡಿದೆ. ಕಟ್ಟಿಗೆಯ ಪೆಟ್ಟಿಗೆಯೊಳಗೆ 230 ವೋಲ್ಟ್ ಬರಬಾರದು. ಅದಕ್ಕೇ 230 ವೋಲ್ಟನ್ನು ಡಬ್ಬಿಯೊಳಗೇ ಇಳಿಸುವ ಎಂದಿನ ಎಸ್‌ಎಂಪಿಎಸ್ ಬಿಟ್ಟು ಹೊರಗೆ 12 ವೋಲ್ಟಿನ ಮೂರು ಪಿನ್ ಅಡಾಪ್ಟರ್ ಇಟ್ಟೆ. ಒಳಗೆ ಮದರ್‌ಬೋರ್ಡಿನ 24 ಪಿನ್ನಿನ ಸಾಕೆಟ್‌ಗೇ ಸಿಕ್ಕಿಸುವ 160 ವ್ಯಾಟಿನ ಚಿಕ್ಕ ಡಿಸಿ ಬೋರ್ಡು. ಇದಕ್ಕೆ ಲ್ಯಾಪ್‌ಟಾಪಿನ 19 ವೋಲ್ಟ್ ಅಡಾಪ್ಟರ್ ಹಚ್ಚಬೇಡಿ, 12 ಅಂದರೆ 12ನೇ ಕೊಡಬೇಕು.

ಏಪ್ರಿಲ್‌ನ ಒಂದು ಮಧ್ಯಾಹ್ನ ಮುಚ್ಚಳ ಹಾಕಿ, ತಿದಿ ಮುಚ್ಚಿಯೇ ಪರೀಕ್ಷೆಗೆ ಕೂತೆ. ಹತ್ತು ನಿಮಿಷದಲ್ಲಿ ಪ್ರೊಸೆಸರ್ 95 ಡಿಗ್ರಿ ಮುಟ್ಟಿತು. ಅದರ ಮಿತಿಯೇ 95, ಮುಟ್ಟಿದೊಡನೆ ತಾನೇ ವೇಗ ಇಳಿಸಿಕೊಳ್ಳುತ್ತದೆ. ತಗಡಿನ ಡಬ್ಬಿ ಮೈಯಿಂದಲೂ ಸ್ವಲ್ಪ ಕಾವು ಬಿಡುತ್ತದೆ, ಕಟ್ಟಿಗೆ ಬಿಡುವುದಿಲ್ಲ. ಇಲ್ಲಿ ಇರುವುದು ಗಾಳಿ ಒಂದೇ.

ತಿದಿಯ ತೂತುಗಳಿಗೆ ಪ್ರೆಸ್ಸಿನಲ್ಲಿ ಪುಸ್ತಕದ ಬೆನ್ನಿಗೆ ಹಚ್ಚುವ ಬೈಂಡಿಂಗ್ ಬಟ್ಟೆ ಅಂಟಿಸಿದೆ. ಚರ್ಮದ ಮುಚ್ಚಳ ತೆಗೆದು, ತಿದಿಯ ಹಲಗೆಯ ಒಳಮೈಗೆ 120 ಮಿ.ಮೀ. ಫ್ಯಾನು ಕೂರಿಸಿ, ತಿದಿಯನ್ನು ಅರ್ಧ ತೆರೆದು ಬಿಟ್ಟೆ. ಗಾಳಿ ಒಳಗೆ ತಳ್ಳುವ ಹಾಗೆಯೇ ಫ್ಯಾನು ಇರಬೇಕು. ಎಳೆಯುವ ಹಾಗೆ ಇಟ್ಟರೆ ಪಟ್ಟಿಗಳ ಒಂದೊಂದು ಸಂದಿಯಿಂದಲೂ ಧೂಳು ಒಳಗೆ ಬರುತ್ತದೆ. ತಳ್ಳಿದರೆ ಗಾಳಿ ಬರುವ ಬಾಯಿ ಒಂದೇ, ಅಲ್ಲಿ ತೆಳ್ಳನೆಯ ಜಾಳಿಗೆ ಬಟ್ಟೆ ಕಟ್ಟಿದರೆ ಸಾಕು. ಹದಿನೈದು ದಿನಕ್ಕೊಮ್ಮೆ ಬಿಚ್ಚಿ ಝಾಡಿಸುತ್ತೇನೆ. ಮದರ್‌ಬೋರ್ಡಿನ ಸೆಟ್ಟಿಂಗ್ ಬದಲಿಸುವ ಬಯೋಸ್‌ನಲ್ಲಿ ಪ್ರೊಸೆಸರನ್ನು 65ರಿಂದ 45 ವ್ಯಾಟಿಗೆ ಇಳಿಸಿದೆ. ಪುಟ ಕಟ್ಟುವ ಕೆಲಸದಲ್ಲಿ ಏನೂ ವ್ಯತ್ಯಾಸ ಕಾಣಲಿಲ್ಲ. ಮತ್ತೆ ಅದೇ ಪರೀಕ್ಷೆ, ಕೋಣೆಯಲ್ಲಿ 40 ಡಿಗ್ರಿ: 76ರ ಮೇಲೆ ಏರಲಿಲ್ಲ. ಪಟ್ಟಿಗಳ ಮೇಲೆ ಅಂಗೈ ಹಿಡಿದರೆ ಬಿಸಿ ಗಾಳಿ ತಾಕುತ್ತದೆ. ಕೋಣೆ ತಂಪು ಮಾಡುವ ನೀರಿನ ಕೂಲರ್ ಮುಂದೆ ಮಾತ್ರ ಇಡಬಾರದು, ಆ ಗಾಳಿಯ ತೇವ ಬೋರ್ಡಿಗೂ ಒಳ್ಳೆಯದಲ್ಲ, ಕಟ್ಟಿಗೆಗೂ ಒಳ್ಳೆಯದಲ್ಲ.

ಎಲ್ಲ ಮುಗಿಯಿತು ಅಂದುಕೊಂಡ ಮರುದಿನ ಬೆಳಿಗ್ಗೆ ಅವ್ವ ಒಳಗಿನಿಂದ ಕೂಗಿದಳು, “ರೇಡಿಯೊ ಯಾಕ ಹಿಂಗ ಕರಕರ ಅನ್ಲಕತ್ತದೋ?” ಕಂಪ್ಯೂಟರ್ ಆರಿಸಿದರೆ ರೇಡಿಯೊ ಸರಿ, ಹಚ್ಚಿದರೆ ಕರಕರ. ಬೋರ್ಡಿನಿಂದಲೂ ಡಿಸಿ ಬೋರ್ಡಿನಿಂದಲೂ ಹೊರಡುವ ಈ ಗದ್ದಲವನ್ನು ತಗಡಿನ ಡಬ್ಬಿ ಒಳಗೇ ತಡೆಯುತ್ತದೆ, ಕಟ್ಟಿಗೆಗೆ ಆ ಶಕ್ತಿ ಇಲ್ಲ. ಮೀಡಿಯಂ ವೇವ್‌ಗೆ ಅದು ಬೇಗ ತಾಕುತ್ತದೆ. ಪರಿಹಾರ ನನ್ನ ಕಸುಬಿನಲ್ಲೇ ಇತ್ತು. ಆಫ್‌ಸೆಟ್ ಪ್ರೆಸ್ಸಿನಲ್ಲಿ ಒಮ್ಮೆ ಅಚ್ಚಾದ ಪ್ಲೇಟುಗಳು ತೆಳು ಅಲ್ಯುಮಿನಿಯಂ ಹಾಳೆಗಳೇ, ರದ್ದಿ ಬೆಲೆಗೆ ಸಿಗುತ್ತವೆ. ಕತ್ತರಿಯಿಂದ ಕತ್ತರಿಸಿ ಒಳಮೈಗೆಲ್ಲ ಹೊದಿಸಿದೆ. ಅಂಚು ಬ್ಲೇಡಿನಂತೆ ಕೊಯ್ಯುತ್ತದೆ, ಮೊದಲು ಟೇಪು ಸುತ್ತಬೇಕು. ಮೈಮೇಲಿನ ಲೇಪ ಕರೆಂಟು ಬಿಡುವುದಿಲ್ಲವಾದ್ದರಿಂದ ಹಾಳೆಗೆ ಹಾಳೆ ಕೂಡುವಲ್ಲಿ, ಬೋರ್ಡಿನ ಹಿತ್ತಾಳೆ ಕಾಲು ಮುಟ್ಟುವಲ್ಲಿ ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸಿದೆ. ಆ ಕಾಲುಗಳ ಮೂಲಕ ಒಳಗಿನ ಹೊದಿಕೆ ಬೋರ್ಡಿನ ಗ್ರೌಂಡಿಗೆ ಕೂಡುತ್ತದೆ. ಕರಕರ ಪೂರ್ತಿ ಹೋಗಲಿಲ್ಲ, ಆದರೆ ರೇಡಿಯೊವನ್ನು ಎರಡು ಮಾರು ಆಚೆ ಇಟ್ಟರೆ ಈಗ ಕೇಳಿಸುವುದಿಲ್ಲ. ವೈಫೈ ಆಂಟೆನಾ ಎರಡೂ ಕಿಟಕಿಯ ಹೊರಗೇ ಇರುವುದರಿಂದ ಅದಕ್ಕೆ ತೊಂದರೆ ಆಗಲಿಲ್ಲ.

ಖರ್ಚು ಒಟ್ಟು ಮೂವತ್ತು ಸಾವಿರದ ಆಸುಪಾಸು. ಅದರಲ್ಲಿ ಕಟ್ಟಿಗೆ ಕೆಲಸಕ್ಕೆ ಆದದ್ದು ಆರುನೂರು.

ಆನ್ ಮಾಡುವ ಗುಂಡಿಗೆ ಹೊಸ ತೂತು ಕೊರೆಯಲು ಮನಸ್ಸು ಬರಲಿಲ್ಲ. ಮುಂದಿನ ಐದು ಸ್ಟಾಪರ್‌ಗಳಲ್ಲಿ ಎಡತುದಿಯದರ ಹಿಂದೆ ಒಂದು ಮೈಕ್ರೋ ಸ್ವಿಚ್ಚು, ಒಂದು ಸಣ್ಣ ಸ್ಪ್ರಿಂಗು ಕೂರಿಸಿದೆ. ಎಳೆದು ಬಿಟ್ಟರೆ ಮರಳಿ ಒಳಗೆ ಹೋಗುತ್ತದೆ, ಮದರ್‌ಬೋರ್ಡಿನ ಎರಡು ಪಿನ್ನು ಒಂದು ಕ್ಷಣ ಕೂಡುತ್ತವೆ, ಅಷ್ಟೇ ಬೇಕಾದದ್ದು. ಮುತ್ಯಾ ಭಜನೆ ಶುರು ಮಾಡುವಾಗ ಮೊದಲು ಎಳೆಯುತ್ತಿದ್ದದ್ದೂ ಅದೇ ಸ್ಟಾಪರ್. ಅದರ ದಂತದ ಬಣ್ಣದ ಗುಂಡಿ ಅವನ ಹೆಬ್ಬೆರಳಿಗೆ ಸವೆದು ಒಂದು ಮಗ್ಗುಲು ಚಪ್ಪಟೆಯಾಗಿದೆ.

ಕ್ಯಾಸೆಟ್ಟುಗಳು ಹನ್ನೊಂದು ಇವೆ. ನಾಲ್ಕು ತುಂಬಿಸಿ ಆಗಿದೆ. ಮೂರನೆಯದರಲ್ಲಿ ಪದ ಶುರುವಾಗುವ ಮೊದಲು ಮುತ್ಯಾ ತಾಳದವನಿಗೆ “ಕರಿ ಎರಡರಾಗ ಹಿಡಿತೀನಿ, ತಡಿ” ಅನ್ನುತ್ತಾನೆ, ಎರಡನೆಯ ಕರಿ ಪಟ್ಟಿಯ ಶ್ರುತಿಯಲ್ಲಿ ಅಂತ, ಆಮೇಲೆ ತಿದಿ ಉಸಿರೆಳೆದುಕೊಳ್ಳುವುದು ಕೇಳಿಸುತ್ತದೆ. ಆ ಉಸಿರನ್ನು ಗದ್ದಲ ತೆಗೆಯುವ ಸಾಫ್ಟ್‌ವೇರಿಗೆ ಸಿಗದ ಹಾಗೆ ಬಿಟ್ಟುಕೊಂಡಿದ್ದೇನೆ.