ಕಾಂಟ್ಯಾಕ್ಟ್ ಲೆನ್ಸಿಗೆ ನೀರು ಮಡಿಯಲ್ಲ

ನೀರು ತಾಗಿದರೆ ವಸ್ತು ಶುದ್ಧವಾಯಿತೆಂಬ ಭಾವನೆ ನಮ್ಮ ಮನೆಗಳಲ್ಲಿ ಆಳವಾಗಿ ಬೇರೂರಿದೆ. ಮುಂಬಯಿಯ ಮಾಟುಂಗದಲ್ಲೋ ಹತ್ತಿರದ ಡೊಂಬಿವಲಿಯಲ್ಲೋ ತಲೆಮಾರುಗಳಿಂದ ನೆಲೆಸಿರುವ ಕನ್ನಡಿಗರ ಮನೆಯೂ ಇದಕ್ಕೆ ಹೊರತಲ್ಲ. ಕಾಂಟ್ಯಾಕ್ಟ್ ಲೆನ್ಸ್ ಹಾಕಲು ಹೊರಟವರು ಮೊದಲು ಬಿಡಬೇಕಾದದ್ದು ಈ ಭಾವನೆಯನ್ನೇ. ನಲ್ಲಿಯ ನೀರಾಗಲಿ, ಫಿಲ್ಟರಿನ ನೀರಾಗಲಿ, ಕುದಿಸಿ ಆರಿಸಿದ ನೀರಾಗಲಿ ಲೆನ್ಸನ್ನು ಮುಟ್ಟಕೂಡದು.

ಮೃದು ಲೆನ್ಸ್ ಗಾಜಿನಂಥದ್ದಲ್ಲ, ನೀರು ಹೀರುವ ಪ್ಲಾಸ್ಟಿಕ್ಕಿನದು. ಮೊದಲ ಬಗೆಯ ಮೃದು ಲೆನ್ಸುಗಳಲ್ಲೇ ಶೇಕಡಾ 38ರಷ್ಟು ನೀರಿರುತ್ತಿತ್ತು. ಸುತ್ತಲಿನ ದ್ರವದಲ್ಲಿ ಏನಿದೆಯೋ ಅದು ಲೆನ್ಸಿಗೂ ಅಂಟಿಕೊಳ್ಳುತ್ತದೆ. ಮಣ್ಣಿನಲ್ಲೂ ನೀರಿನಲ್ಲೂ ಬದುಕುವ ಅಕಾಂತಮೀಬಾ ಎಂಬ ಏಕಕೋಶ ಜೀವಿಯು ಪ್ರತಿಕೂಲ ಸ್ಥಿತಿಯಲ್ಲಿ ಗಟ್ಟಿ ಕವಚ ಕಟ್ಟಿಕೊಳ್ಳುವುದರಿಂದ, ಕುಡಿಯುವ ನೀರಿಗೆ ಬೆರೆಸುವಷ್ಟು ಕ್ಲೋರಿನ್ನಿಗೆ ಅದು ಜಗ್ಗುವುದಿಲ್ಲ. ಅದರಲ್ಲೂ ಮುಂಬಯಿಯ ಬಹುತೇಕ ಕಟ್ಟಡಗಳಲ್ಲಿ ನೀರು ನೆಲದಡಿಯ ಟ್ಯಾಂಕಿಗೆ ಬಂದು, ಅಲ್ಲಿಂದ ಪಂಪಿನಲ್ಲಿ ಚಾವಣಿಯ ಟ್ಯಾಂಕಿಗೇರಿ, ಅಲ್ಲಿ ನಿಂತು ನಮ್ಮ ನಲ್ಲಿಗೆ ಇಳಿಯುತ್ತದೆ. ಈ ಜೀವಿ ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾಕ್ಕೆ ತಗುಲಿದರೆ ಚಿಕಿತ್ಸೆ ತಿಂಗಳುಗಟ್ಟಲೆ ನಡೆಯುತ್ತದೆ, ಕೆಲವೊಮ್ಮೆ ಕಾರ್ನಿಯಾ ಕಸಿಯವರೆಗೂ ಹೋಗುತ್ತದೆ. ಆದ್ದರಿಂದ ಸ್ನಾನಕ್ಕೆ, ಈಜಿಗೆ, ಜುಹೂವಿನ ಅಲೆಗೆ ಇಳಿಯುವ ಮುನ್ನ ಲೆನ್ಸ್ ತೆಗೆದಿಡಬೇಕು.

ಕೈಯನ್ನು ಮಾತ್ರ ನೀರು ಮತ್ತು ಸೋಪಿನಲ್ಲೇ ತೊಳೆಯಬೇಕು, ಆದರೆ ಬೆರಳ ಸಂದಿಯ ತನಕ ಪೂರ್ತಿ ಒರೆಸಿಕೊಂಡ ಮೇಲಷ್ಟೇ ಲೆನ್ಸ್ ಮುಟ್ಟಬೇಕು. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಟವೆಲ್ಲೇ ಒಣಗದಿರುವುದರಿಂದ, ಇಸ್ತ್ರಿ ಮಾಡಿದ ಹತ್ತಿಯ ಕರವಸ್ತ್ರಗಳನ್ನು ಇದಕ್ಕೆಂದೇ ಬೇರೆ ಇಟ್ಟುಕೊಳ್ಳುವುದು ಒಳ್ಳೆಯದು. ಅಡುಗೆ ಮಾಡುವವರಿಗೆ ಇನ್ನೊಂದು ಮಾತು: ಹಸಿಮೆಣಸಿನ ಖಾರ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಬೆಳಿಗ್ಗೆ ಮೆಣಸು ಹೆಚ್ಚುವ ಮೊದಲೇ ಲೆನ್ಸ್ ಹಾಕಿಕೊಳ್ಳಬೇಕು, ರಾತ್ರಿಯ ಅಡುಗೆಗೆ ಮೊದಲೇ ತೆಗೆಯಬೇಕು. ಒಮ್ಮೆ ಮರೆತವರಿಗೆ ಇದನ್ನು ಎರಡನೆಯ ಸಲ ಹೇಳಬೇಕಾಗಿಲ್ಲ.

ಹಾಕುವಾಗ ದಿನವೂ ಬಲಗಣ್ಣಿನಿಂದಲೇ ಆರಂಭಿಸಿದರೆ ಎಡ, ಬಲ ಅದಲುಬದಲಾಗುವುದಿಲ್ಲ. ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಬೇಕು: ಬಟ್ಟಲಿನಂತೆ ಅಂಚು ಮೇಲಕ್ಕೆ ನಿಂತಿದ್ದರೆ ಸರಿಯಾಗಿದೆ, ತಟ್ಟೆಯಂತೆ ಅಂಚು ಹೊರಕ್ಕೆ ಬಾಗಿದ್ದರೆ ಒಳಮೈ ಹೊರಗಾಗಿದೆ. ಮಧ್ಯದ ಬೆರಳಿನಿಂದ ಕೆಳರೆಪ್ಪೆಯನ್ನು ಎಳೆದು, ಇನ್ನೊಂದು ಕೈಯಿಂದ ಮೇಲಿನ ರೆಪ್ಪೆಯನ್ನು ಎತ್ತಿ ಹಿಡಿದು, ಲೆನ್ಸನ್ನು ಮೆಲ್ಲನೆ ತಾಗಿಸಿದರೆ ಅದು ತಾನಾಗಿಯೇ ಕೂರುತ್ತದೆ. ಲೆನ್ಸ್ ಕಣ್ಣಿನ ಹಿಂದಕ್ಕೆ ಹೋಗಿಬಿಟ್ಟೀತೆಂಬ ಭಯ ಬೇಡ. ರೆಪ್ಪೆಯ ಒಳಪದರ ಅಲ್ಲಿ ಮಡಚಿಕೊಂಡು ದಾರಿಯನ್ನು ಮುಚ್ಚಿರುತ್ತದೆ. ಕಾಡಿಗೆ ಹಚ್ಚುವುದಿದ್ದರೆ ಲೆನ್ಸ್ ಹಾಕಿದ ಮೇಲೆ ಹಚ್ಚಬೇಕು.

ತೆಗೆದ ಲೆನ್ಸನ್ನು ಅಂಗೈಯ ಮೇಲಿಟ್ಟು, ಲೆನ್ಸ್ ಶುಚಿಗೊಳಿಸುವ ದ್ರವವಾದ ಸೊಲ್ಯೂಷನ್ನನ್ನು ಕೆಲವು ಹನಿ ಹಾಕಿ, ಎರಡೂ ಮಗ್ಗುಲನ್ನು ಬೆರಳ ತುದಿಯಿಂದ ಹತ್ತಿಪ್ಪತ್ತು ಸೆಕೆಂಡು ಉಜ್ಜಿ, ಸೊಲ್ಯೂಷನ್ನಿನಿಂದಲೇ ತೊಳೆದು ನೆನೆಹಾಕಬೇಕು. ಉಜ್ಜುವ ಅಗತ್ಯವಿಲ್ಲವೆಂದು ಬಾಟಲಿಯ ಮೇಲೆ ಬರೆದಿದ್ದರೂ ಉಜ್ಜುವುದೇ ಲೇಸು, ಏಕೆಂದರೆ ಕಣ್ಣೀರಿನ ಪ್ರೋಟೀನು ಮತ್ತು ಜಿಡ್ಡಿನ ಪದರ ಬರಿಯ ನೆನೆಯುವಿಕೆಯಿಂದ ಪೂರ್ತಿ ಬಿಡುವುದಿಲ್ಲ. ಡಬ್ಬಿಯಲ್ಲಿ ಉಳಿದ ಹಳೆಯ ಸೊಲ್ಯೂಷನ್ನಿಗೆ ಹೊಸದನ್ನು ಸೇರಿಸಿ ತುಂಬಿಸುವುದು ತಪ್ಪು. ನಿನ್ನೆಯ ಸಾಂಬಾರಿಗೆ ಇಂದಿನದನ್ನು ಬೆರೆಸಿ ಬಡಿಸುವ ಹೋಟೆಲಿಗೆ ನಾವು ಹೋಗುತ್ತೇವೆಯೇ? ಬೆಳಿಗ್ಗೆ ಡಬ್ಬಿಯನ್ನು ಖಾಲಿ ಮಾಡಿ, ಸೊಲ್ಯೂಷನ್ನಿನಿಂದ ತೊಳೆದು, ಒರೆಸಿ, ಬಚ್ಚಲುಮನೆಯಿಂದ ದೂರ ಬೋರಲು ಹಾಕಬೇಕು ಮತ್ತು ಹೆಚ್ಚೆಂದರೆ 3 ತಿಂಗಳಿಗೊಮ್ಮೆ ಬದಲಿಸಬೇಕು. ಸಲೈನ್ ಎಂಬ ಬರಿಯ ಉಪ್ಪುನೀರಿನ ದ್ರವ ಕ್ರಿಮಿಗಳನ್ನು ಕೊಲ್ಲುವುದಿಲ್ಲ. ಹೈಡ್ರೋಜನ್ ಪೆರಾಕ್ಸೈಡ್ ಕೊಲ್ಲುತ್ತದೆ, ಆದರೆ ಅದರದೇ ಡಬ್ಬಿಯಲ್ಲಿ ಸೂಚಿಸಿದಷ್ಟು ಗಂಟೆ ಇಡದೆ ಕಣ್ಣಿಗೆ ಹಾಕಿದರೆ ಸುಡುತ್ತದೆ. ಒಂದೇ ದಿನ ಬಳಸಿ ಎಸೆಯುವ ಲೆನ್ಸಿಗೆ ಈ ಯಾವ ರಗಳೆಯೂ ಇಲ್ಲ. ಖರ್ಚು ಹೆಚ್ಚಾದರೂ ಮಳೆಗಾಲದ ಮಟ್ಟಿಗಾದರೂ ನಾನು ಅದನ್ನೇ ಸೂಚಿಸುತ್ತೇನೆ.

ಕಾರ್ನಿಯಾದಲ್ಲಿ ರಕ್ತನಾಳಗಳಿಲ್ಲ, ಅದು ಆಮ್ಲಜನಕವನ್ನು ಬಹುಪಾಲು ಗಾಳಿಯಿಂದಲೇ ಪಡೆಯುತ್ತದೆ. ಲೆನ್ಸಿನ ಮೇಲೆ ರೆಪ್ಪೆಯೂ ಮುಚ್ಚಿದರೆ ಆ ದಾರಿ ಕಿರಿದಾಗುತ್ತದೆ, ಸೋಂಕಿನ ಅಪಾಯ ಹೆಚ್ಚುತ್ತದೆ. ಮುಂಬಯಿಯ ಸಿಎಸ್‌ಎಂಟಿ ನಿಲ್ದಾಣದಿಂದ ಕಲ್ಯಾಣದವರೆಗಿನ ರಾತ್ರಿಯ ಲೋಕಲ್ಲಿನಲ್ಲಿ ಕುಳಿತಲ್ಲೇ ನಿದ್ದೆ ಹೋಗುವವರು, ಕಂಬಿ ಹಿಡಿದ ಕೈಯಿಂದ ರೈಲಿನಲ್ಲಿ ಲೆನ್ಸ್ ತೆಗೆಯಲು ಹೋಗದೆ, ಕಚೇರಿಯಲ್ಲೇ ಕೈ ತೊಳೆದು ತೆಗೆದಿಟ್ಟು ಕನ್ನಡಕ ಹಾಕಿಕೊಂಡು ಹೊರಡಬೇಕು. ಬಾಗಿಲಲ್ಲಿ ನಿಂತಾಗ ಬಡಿಯುವ ಧೂಳಿಗೂ ಕನ್ನಡಕವೇ ಅಡ್ಡ.

ಕಣ್ಣು ಕೆಂಪಾಗಿ, ನೋವಾಗಿ, ಬೆಳಕು ಸಹಿಸದೆ, ದೃಷ್ಟಿ ಮಬ್ಬಾದರೆ ಲೆನ್ಸನ್ನು ತಕ್ಷಣ ತೆಗೆದು ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು. ಮೆಡಿಕಲ್ ಅಂಗಡಿಯವರು ಕೊಡುವ ಸ್ಟೀರಾಯ್ಡ್ ಹನಿಗಳು ಕೆಂಪನ್ನು ಇಳಿಸಿ ಸೋಂಕನ್ನು ಒಳಗೊಳಗೇ ಬೆಳೆಸಬಲ್ಲವು. ತೆಗೆದ ಲೆನ್ಸನ್ನು ಎಸೆಯದೆ, ಡಬ್ಬಿಯನ್ನು ತೊಳೆಯದೆ, ಎರಡನ್ನೂ ವೈದ್ಯರ ಬಳಿಗೆ ಒಯ್ಯಬೇಕು. ಯಾವ ಕ್ರಿಮಿಯೆಂದು ಪ್ರಯೋಗಾಲಯದವರು ಗುರುತಿಸಲು ಅವು ನೆರವಾಗುತ್ತವೆ.