ಮೊದಲ ಗಿಟಾರ್ ಕೊಳ್ಳಲು ಹೊರಟಿರಾ? ಜೇಬಿನಲ್ಲಿ ನಾಲ್ಕು ಹಳೇ ಎಟಿಎಂ ಕಾರ್ಡ್ ಇರಲಿ

ನನ್ನ ಮೊದಲ ಗಿಟಾರ್‌ಗೆ ಎರಡೂವರೆ ಸಾವಿರ ರೂಪಾಯಿ ಕೊಟ್ಟಿದ್ದೆ. ಫೋಟೊ ನೋಡಿ ಆನ್‌ಲೈನ್‌ನಲ್ಲಿ ತರಿಸಿದ್ದು. ಕಡು ನೀಲಿ ಬಣ್ಣ. ಬ್ಯಾಗು, ಬೆಲ್ಟು, ಪಿಕ್ಕು, ಇನ್ನೊಂದು ಸೆಟ್ ತಂತಿ ಎಲ್ಲ ಫ್ರೀ. ಮೂರು ವಾರ ದಿನಾ ಕೂತು ಅಭ್ಯಾಸ ಮಾಡಿದೆ. ಎಡಗೈ ಬೆರಳ ತುದಿಗಳಲ್ಲಿ ಗೀರು ಬಿದ್ದವು. ಆದರೂ ಎಫ್ ಮೇಜರ್ ಅನ್ನುವ ಸ್ವರಗುಚ್ಛ (ಹಲವು ತಂತಿಗಳನ್ನು ಒಟ್ಟಿಗೆ ಒತ್ತಿ ನುಡಿಸುವುದು) ಒಂದು ದಿನವೂ ನೆಟ್ಟಗೆ ನುಡಿಯಲಿಲ್ಲ. ನನ್ನ ಬೆರಳಿಗೇ ಇದು ಒಗ್ಗಲ್ಲ ಅಂದುಕೊಂಡು ಗಿಟಾರನ್ನು ಬೀರುವಿನ ಮೇಲೆ ಇಟ್ಟುಬಿಟ್ಟೆ. ಎರಡು ವರ್ಷ ಅದು ಅಲ್ಲೇ ಇತ್ತು.

ಆಮೇಲೊಂದು ದಿನ ಗಿಟಾರ್ ರಿಪೇರಿ ಮಾಡುವವರೊಬ್ಬರು ಅದನ್ನು ಕೈಗೆ ತೆಗೆದುಕೊಂಡು, 12ನೇ ಫ್ರೆಟ್ ಹತ್ತಿರ ಸ್ಟೀಲ್ ಸ್ಕೇಲ್ ಇಟ್ಟು ನೋಡಿದರು. ಗಿಟಾರ್‌ನ ಕತ್ತಿನ, ಅಂದರೆ ನೆಕ್‌ನ ಮೇಲೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳೇ ಫ್ರೆಟ್; ಎಣಿಕೆ ತಲೆಯ ಕಡೆಯಿಂದ. ದಪ್ಪ ತಂತಿ ಫ್ರೆಟ್‌ನಿಂದ ನಾಲ್ಕೂವರೆ ಮಿಲಿಮೀಟರ್ ಮೇಲಿತ್ತು. ಇರಬೇಕಾಗಿದ್ದು ಹೆಚ್ಚುಕಡಿಮೆ ಅದರ ಅರ್ಧ. ‘ಇದನ್ನ ಯಾರು ಒತ್ತಿದರೂ ಕೈ ನೋಯುತ್ತೆ’ ಅಂದರು.

ಅವತ್ತಿನಿಂದ ಯಾರೇ ಗಿಟಾರ್ ಕೊಡಿಸಲು ಕರೆದರೂ ನಾನು ಮೊದಲು ನೋಡುವುದು ತಂತಿಯ ಎತ್ತರ. ನಾದ, ಮರ, ಕಂಪನಿ ಎಲ್ಲ ಆಮೇಲೆ. ತಂತಿಯ ಈ ಎತ್ತರಕ್ಕೆ ಗಿಟಾರ್ ನುಡಿಸುವವರು ‘ಆಕ್ಷನ್’ ಅನ್ನುತ್ತಾರೆ.

ಮೊದಲು ದುಡ್ಡು ಹಂಚಿಕೊಳ್ಳಿ

ನಿಮ್ಮ ಹತ್ತಿರ ಹತ್ತು ಸಾವಿರ ಇದೆ ಅಂದುಕೊಳ್ಳಿ. ಹತ್ತು ಸಾವಿರದ ಗಿಟಾರ್ ನೋಡಲು ಹೋಗಬೇಡಿ. ಎಂಟು, ಎಂಟೂವರೆ ಸಾವಿರದೊಳಗೆ ನೋಡಿ. ಉಳಿದದ್ದು ಸೆಟಪ್‌ಗೆ, ಒಂದು ಸೆಟ್ ಒಳ್ಳೆಯ ತಂತಿಗೆ ಬೇಕು. ಸೆಟಪ್ ಅಂದರೆ ಕೆಲಸ ಗೊತ್ತಿದ್ದವರು ತಂತಿಯ ಎತ್ತರ, ನೆಕ್‌ನ ಬಾಗು, ಫ್ರೆಟ್‌ಗಳ ಅಂಚು ಎಲ್ಲ ಸರಿಮಾಡಿ ಕೊಡುವುದು. ಸೆಟಪ್ ಆದ ಐದು ಸಾವಿರದ ಗಿಟಾರ್, ಸೆಟಪ್ ಆಗದ ಹತ್ತು ಸಾವಿರದ ಗಿಟಾರ್‌ಗಿಂತ ಸಲೀಸಾಗಿ ನುಡಿಯುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಎರಡು–ಮೂರು ಸಾವಿರದಲ್ಲಿ ಸಿಗುವ ಗಿಟಾರ್‌ಗಳೆಲ್ಲ ಕೆಟ್ಟವೇನಲ್ಲ. ಆದರೆ ಒಂದೇ ಮಾಡೆಲ್‌ನ ಎರಡು ಪೀಸ್‌ಗಳು ಒಂದರಂತೆ ಒಂದು ಇರುವುದಿಲ್ಲ. ಅದಕ್ಕೇ ಈ ಬೆಲೆಯಲ್ಲಿ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬಾರದು. ಅದರ ಮೇಲಿನ ಹಂತದಲ್ಲಿ ಕೇಡನ್ಸ್, ವಾಲ್ಟ್ ತರಹದ ಹೆಸರುಗಳು ಕಾಣುತ್ತವೆ. ಇನ್ನೊಂದಿಷ್ಟು ಕೈ ಬಿಚ್ಚಿದರೆ ಯಮಹಾದ ಎಫ್280, ಎಫ್310. ಈ ಎಫ್310 ಬಹಳ ವರ್ಷಗಳಿಂದ ಕಲಿಯುವವರ ಕೈಯಲ್ಲಿ ಓಡಾಡುತ್ತಿರುವ ಮಾಡೆಲ್. ಅದರ ತಂತಿಯ ಉದ್ದ 634 ಮಿ.ಮೀ. ದೊಡ್ಡ ಗಿಟಾರ್‌ಗಳಲ್ಲಿ ಸಾಮಾನ್ಯವಾಗಿ 650ರ ಆಸುಪಾಸು ಇರುತ್ತದೆ. ಉದ್ದ ಕಡಿಮೆಯಾದಷ್ಟೂ ತಂತಿಯ ಬಿಗಿ ಸ್ವಲ್ಪ ಕಡಿಮೆ. ಮುಂದೆ ಈ ಮಾಡೆಲ್ ಮಾರುವಾಗ ಕೇಳುವವರೂ ಸಿಗುತ್ತಾರೆ. ಬೆಲೆ ಮಾತ್ರ ಅಂಗಡಿಯಿಂದ ಅಂಗಡಿಗೆ ಬೇರೆ, ಎರಡು ಮೂರು ಕಡೆ ವಿಚಾರಿಸಿ.

ಜತೆಗೆ ಕೊಡುವ ಫ್ರೀ ಸಾಮಾನು ನೋಡಿ ಮರುಳಾಗಬೇಡಿ. ಟ್ಯೂನರ್ ಬೇಕಾದರೆ ಫೋನಿನಲ್ಲೇ ಪುಕ್ಕಟೆ ಆ್ಯಪ್ ಸಿಗುತ್ತದೆ.

ಸ್ಟೀಲೋ, ನೈಲಾನೋ?

ಭಾವಗೀತೆಗೋ ಸಿನಿಮಾ ಹಾಡಿಗೋ ಜತೆಯಾಗಿ ನುಡಿಸುವ ಆಸೆಯಿದ್ದರೆ ಸ್ಟೀಲ್ ತಂತಿಯದ್ದು ತೆಗೆದುಕೊಳ್ಳಿ. ನೈಲಾನ್ ತಂತಿಯದ್ದು ಕ್ಲಾಸಿಕಲ್ ಗಿಟಾರ್. ಅದು ಬೆರಳಿಗೆ ಮೆತ್ತಗೆ. ಆದರೆ ನೆಕ್ ಅಗಲ: ತಲೆಯ ಕಡೆಯ ತುದಿಯಲ್ಲಿ ಸುಮಾರು 52 ಮಿ.ಮೀ. ಸ್ಟೀಲ್ ಗಿಟಾರ್‌ನಲ್ಲಿ ಅದೇ ಜಾಗ 43ರ ಸುತ್ತಮುತ್ತ. ಚಿಕ್ಕ ಕೈಯವರಿಗೆ ಈ ಒಂಬತ್ತು ಮಿಲಿಮೀಟರ್ ಚೆನ್ನಾಗಿಯೇ ಗೊತ್ತಾಗುತ್ತದೆ. ಒಂದು ಮಾತು ನೆನಪಿಡಿ: ನೈಲಾನ್ ಗಿಟಾರ್‌ಗೆ ಸ್ಟೀಲ್ ತಂತಿ ಹಾಕಲೇಬಾರದು. ಸ್ಟೀಲ್ ತಂತಿಗಳು ಆರೂ ಸೇರಿ ಸುಮಾರು 70 ಕೆ.ಜಿ.ಯಷ್ಟು ಎಳೆಯುತ್ತವೆ. ಅಷ್ಟನ್ನು ತಡೆಯುವಂತೆ ನೈಲಾನ್ ಗಿಟಾರ್ ಕಟ್ಟಿರುವುದಿಲ್ಲ. ಬ್ರಿಡ್ಜ್, ಅಂದರೆ ತಂತಿಗಳನ್ನು ಬಾಡಿಗೆ ಹಿಡಿದಿಡುವ ಮರದ ತುಂಡು, ಕಿತ್ತು ಬರಬಹುದು.

ಎಂಟು–ಹತ್ತು ವರ್ಷದ ಮಕ್ಕಳಿಗೆ ಮುಕ್ಕಾಲು ಸೈಜಿನದ್ದು ಸಾಕು. ‘ಮುಂದೆ ಬೆಳೀತಾನಲ್ಲ’ ಅಂತ ದೊಡ್ಡ ಗಿಟಾರ್ ಕೊಡಿಸಿದರೆ ಮಗುವಿನ ಬಲ ಭುಜ ಕಿವಿವರೆಗೂ ಏರಿ ಕೂರುತ್ತದೆ, ಪಾಪ. ದೊಡ್ಡವರೂ ಕೂತು, ತೊಡೆಯ ಮೇಲಿಟ್ಟು, ಬಲಗೈಯನ್ನು ಅದರ ಮೇಲೆ ಇಳಿಬಿಟ್ಟು ನೋಡಿ. ಭುಜ ಎತ್ತಬೇಕಾಗಿ ಬಂದರೆ ಅದಕ್ಕಿಂತ ಚಿಕ್ಕ ಬಾಡಿಯದ್ದು ಕೇಳಿ.

ಅಂಗಡಿಯಲ್ಲಿ ಕಾಲು ಗಂಟೆ

ಬೆಂಗಳೂರಿನಲ್ಲಿದ್ದರೆ ಬಳೇಪೇಟೆಯಂಥ ಕಡೆ ಸಂಗೀತ ವಾದ್ಯಗಳ ಅಂಗಡಿಗಳು ಹತ್ತಿರ ಹತ್ತಿರವೇ ಸಿಗುತ್ತವೆ. ವಾರದ ದಿನ, ಮಧ್ಯಾಹ್ನದ ಹೊತ್ತು ಹೋಗಿ. ಜನ ಕಡಿಮೆ, ಸದ್ದೂ ಕಡಿಮೆ.

ಮೊದಲು ಶ್ರುತಿ ಮಾಡಿಸಿ. ಅಂಗಡಿಯಲ್ಲಿ ತಂತಿಗಳನ್ನು ಸಡಿಲ ಬಿಟ್ಟಿರುವುದು ಮಾಮೂಲಿ. ಸಡಿಲ ತಂತಿಯ ಎತ್ತರ ಅಳೆದು ಪ್ರಯೋಜನವಿಲ್ಲ. ಬಿಗಿ ಮಾಡಿದ ಮೇಲೆ ನೆಕ್ ಸ್ವಲ್ಪ ಬಾಗುತ್ತದೆ, ಲೆಕ್ಕವೇ ಬದಲಾಗುತ್ತದೆ.

ಈಗ ಕಾರ್ಡ್ ತೆಗೆಯಿರಿ. ಅವಧಿ ಮುಗಿದ, ಅಕ್ಷರಗಳು ಉಬ್ಬಿಲ್ಲದ ಎಟಿಎಂ ಕಾರ್ಡ್‌ಗಳು ಬೇಕು. ಒಂದು ಕಾರ್ಡ್‌ನ ದಪ್ಪ 0.76 ಮಿ.ಮೀ., ಎಲ್ಲ ಬ್ಯಾಂಕಿನದ್ದೂ ಅಷ್ಟೇ. ಮೂರು ಜೋಡಿಸಿದರೆ 2.3 ಮಿ.ಮೀ. ಹತ್ತಿರ. ಗಿಟಾರನ್ನು ನುಡಿಸುವ ಹಾಗೆಯೇ ಹಿಡಿದು, ಅತಿ ದಪ್ಪದ ತಂತಿಯ ಕೆಳಗೆ, 12ನೇ ಫ್ರೆಟ್ ಮೇಲೆ ಮೂರೂ ಕಾರ್ಡ್ ಒಟ್ಟಿಗೆ ತೂರಿಸಿ. ತಂತಿಗೆ ತಾಗಿಯೂ ತಾಗದ ಹಾಗೆ ಕೂತರೆ ಬಹಳ ಚೆನ್ನಾಗಿದೆ. ನಾಲ್ಕನೆಯದೂ ಹೋಗಿ ಮೇಲೆ ಇನ್ನೂ ಜಾಗ ಉಳಿದರೆ ಆಕ್ಷನ್ ಜಾಸ್ತಿ. ಅತಿ ತೆಳು ತಂತಿಯ ಕೆಳಗೆ ಎರಡು ಕಾರ್ಡ್ ಸಲೀಸಾಗಿ ಹೋಗಿ, ಮೂರನೆಯದು ತಂತಿಯನ್ನು ಎತ್ತುವಂತಿರಬೇಕು.

ಜಾಸ್ತಿ ಇದ್ದ ಮಾತ್ರಕ್ಕೆ ಆ ಗಿಟಾರ್ ಬೇಡ ಅಂತಲ್ಲ. ಬ್ರಿಡ್ಜ್ ಮೇಲೆ ಬಿಳಿ ಪಟ್ಟಿಯೊಂದು ಇರುತ್ತದಲ್ಲ, ಅದೇ ಸ್ಯಾಡಲ್. ಅದು ಬ್ರಿಡ್ಜ್‌ನಿಂದ ಎಷ್ಟು ಮೇಲಕ್ಕೆ ಎದ್ದಿದೆ ನೋಡಿ. ನಾಲ್ಕೈದು ಮಿಲಿಮೀಟರ್ ಇದ್ದರೆ ತಳ ಉಜ್ಜಿ ಇಳಿಸಬಹುದು. ಸ್ಯಾಡಲನ್ನು ಒಂದು ಮಿಲಿಮೀಟರ್ ಉಜ್ಜಿದರೆ 12ನೇ ಫ್ರೆಟ್‌ನಲ್ಲಿ ತಂತಿ ಅರ್ಧ ಮಿಲಿಮೀಟರ್ ಇಳಿಯುತ್ತದೆ. ನನ್ನ ನೀಲಿ ಗಿಟಾರ್‌ಗೆ ಆಗಿದ್ದೂ ಇದೇ. ಅದರ ಸ್ಯಾಡಲ್ ಬೆಟ್ಟದ ಹಾಗೆ ಎದ್ದು ನಿಂತಿತ್ತು, ಉಪ್ಪು ಕಾಗದದ ಮೇಲೆ ಉಜ್ಜುತ್ತಾ ಹೋದರು. ಆದರೆ ಸ್ಯಾಡಲ್ ಆಗಲೇ ಬ್ರಿಡ್ಜ್‌ಗೆ ಅಂಟಿಕೊಂಡಷ್ಟು ಗಿಡ್ಡ ಇದ್ದು, ತಂತಿ ಇನ್ನೂ ಎತ್ತರದಲ್ಲಿದ್ದರೆ ನೆಕ್ ಕೂರಿಸಿದ ಕೋನವೇ ತಪ್ಪಾಗಿದೆ ಅಂತ ತಿಳಿಯಿರಿ. ಎಷ್ಟೇ ಕಡಿಮೆಗೆ ಕೊಟ್ಟರೂ ಅದನ್ನು ಬಿಟ್ಟುಬಿಡಿ. ಆ ರಿಪೇರಿಯ ಖರ್ಚು ಗಿಟಾರ್‌ನ ಬೆಲೆಯನ್ನೇ ಮೀರಬಹುದು.

ಎಫ್ ಮೇಜರ್ ಕಾಟ ಕೊಡುವುದು ಇನ್ನೊಂದು ತುದಿಯಿಂದ. ತಂತಿಗಳು ತಲೆಯ ಕಡೆಗೆ ಹೋಗುವ ಮುಂಚೆ ಹಾದುಹೋಗುವ ಪಟ್ಟಿ ನಟ್. ಎಫ್ ಮೇಜರ್ ಒತ್ತುವುದು ಅದರ ಪಕ್ಕದ ಒಂದನೇ ಫ್ರೆಟ್‌ನಲ್ಲಿ. ಒಂದು ತಂತಿಯನ್ನು ಎರಡು ಮತ್ತು ಮೂರನೇ ಫ್ರೆಟ್ ನಡುವೆ ಒತ್ತಿ ಹಿಡಿದು, ಒಂದನೇ ಫ್ರೆಟ್ ಮೇಲೆ ಎಷ್ಟು ಸಂದು ಇದೆ ನೋಡಿ. ಒಂದು ಹಾಳೆ ತೂರುವಷ್ಟಿದ್ದರೆ ಸಾಕು. ಅದಕ್ಕಿಂತ ಜಾಸ್ತಿ ಇದ್ದರೆ ನಟ್‌ನಲ್ಲಿ ತಂತಿ ಕೂರುವ ಕಚ್ಚನ್ನು ಆಳ ಮಾಡಿಸಬೇಕು. ಸೆಟಪ್ ಮಾಡುವವರಿಗೆ ಇದು ಸಣ್ಣ ಕೆಲಸ.

ಆಮೇಲೆ ಪ್ರತಿ ತಂತಿಯನ್ನೂ ಒಂದೊಂದೇ ಫ್ರೆಟ್ ಒತ್ತುತ್ತಾ 12ರವರೆಗೆ ನುಡಿಸಿ. ಆರು ತಂತಿ, ಒಟ್ಟು 72 ಸ್ವರ. ನಾಲ್ಕೈದು ನಿಮಿಷದ ಕೆಲಸ, ಅವಸರ ಬೇಡ. ಎಲ್ಲಾದರೂ ಝರ್ ಅನ್ನುತ್ತದಾ? ಎಲ್ಲಾದರೂ ಸ್ವರ ಹುಟ್ಟುತ್ತಲೇ ಸಾಯುತ್ತದಾ? ತಂಬೂರಿಯಲ್ಲಿ ಜೀವಾಳದ ದಾರ ಇಟ್ಟು ಆ ಝೇಂಕಾರವನ್ನು ನಾವೇ ಬೇಕೆಂದು ತರಿಸುತ್ತೇವೆ. ಗಿಟಾರ್‌ನಲ್ಲಿ ಅದು ದೋಷ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ, ಮೇಣ ಬಿಸಿ ಮಾಡಿ ಸರಿಪಡಿಸಬಹುದು. ಗಿಟಾರ್ ಫ್ರೆಟ್ ಮರಕ್ಕೆ ಹೊಡೆದು ಕೂರಿಸಿದ್ದು. ಒಂದು ಎತ್ತರ ಒಂದು ತಗ್ಗು ಇದ್ದರೆ ಅರದಿಂದ ಉಜ್ಜಿ ಸಮ ಮಾಡಬೇಕು, ಆ ಖರ್ಚು ನಿಮ್ಮದೇ.

ಕೊನೆಗೆ ಶ್ರುತಿ ಪರೀಕ್ಷೆ. 12ನೇ ಫ್ರೆಟ್‌ನ ಲೋಹದ ಪಟ್ಟಿಯ ನೇರಕ್ಕೆ ತಂತಿಯನ್ನು ಒತ್ತದೆ, ಬೆರಳು ಸುಮ್ನೆ ತಾಗಿಸಿ ಮೀಟಿ. ಗಂಟೆಯಂಥ ಸ್ವರ ಬರುತ್ತದೆ. ಈಗ ಅದೇ ಫ್ರೆಟ್ ಒತ್ತಿ ಮೀಟಿ. ಫೋನಿನ ಟ್ಯೂನರ್‌ನಲ್ಲಿ ಎರಡೂ ಒಂದೇ ಕಡೆ ನಿಲ್ಲಬೇಕು. ಕೂದಲೆಳೆಯಷ್ಟು ಆಚೀಚೆ ಆದರೆ ಚಿಂತೆಯಿಲ್ಲ. ಮುಳ್ಳು ದೂರ ಓಡಿದರೆ ಆ ಗಿಟಾರ್ ಮೇಲಿನ ಫ್ರೆಟ್‌ಗಳಲ್ಲಿ ಯಾವತ್ತೂ ಬೇಸೂರ. ನೆಕ್‌ನ ಅಂಚಿನುದ್ದಕ್ಕೂ ಅಂಗೈ ಸವರಿ, ಫ್ರೆಟ್ ತುದಿ ಚುಚ್ಚಬಾರದು. ತಂತಿ ಬಿಗಿ ಮಾಡುವ ಕೀಲಿಗಳನ್ನು ತಿರುಗಿಸಿ ನೋಡಿ, ಸಡಿಲವಾಗಿ ಆಡಬಾರದು.

ಬೇರೆ ಯಾರ ಕೈಯಲ್ಲಾದರೂ ನುಡಿಸಿ ನೀವು ಎದುರು ಕೂತು ಕೇಳಿದರೆ ಇನ್ನೂ ಒಳ್ಳೆಯದು. ಗಿಟಾರ್ ಸದ್ದು ಮುಂದಕ್ಕೆ ಹೋಗುತ್ತದೆ, ನುಡಿಸುವವರಿಗಿಂತ ಕೇಳುವವರಿಗೇ ಅದರ ದನಿ ಚೆನ್ನಾಗಿ ತಿಳಿಯುತ್ತದೆ.

ಮರದ ಮಾತು

ಈ ಬೆಲೆಯಲ್ಲಿ ಸಿಗುವುದು ಬಹುತೇಕ ಪದರ ಪದರವಾಗಿ ಅಂಟಿಸಿದ ಮರ. ಮೇಲ್ಹಲಗೆ ಪದರಗಳಿಲ್ಲದ ಸ್ಪ್ರೂಸ್ ಮರದ್ದಾಗಿದ್ದರೆ ದನಿ ತುಂಬಿ ಬರುತ್ತದೆ, ಅದಕ್ಕೆ ‘ಸಾಲಿಡ್ ಟಾಪ್’ ಅನ್ನುತ್ತಾರೆ. ಯಮಹಾದ ಎಫ್‌ಜಿ800 ಅಂಥದ್ದು, ಆದರೆ ಬೆಲೆ ಬಹಳ ಮೇಲೆ ಹೋಗುತ್ತದೆ. ಕಲಿಯುವ ಹೊತ್ತಿಗೆ ಅಂಟಿಸಿದ ಮರದ್ದೇ ಸಾಕು, ಹವಾಮಾನಕ್ಕೂ ಅದು ಗಟ್ಟಿ.

ಗಿಟಾರ್ ಲೋಕದಲ್ಲಿ ‘ಇಂಡಿಯನ್ ರೋಸ್‌ವುಡ್’ ಅಂದರೆ ದೊಡ್ಡ ಹೆಸರು. ಅದು ನಮ್ಮ ಮಲೆನಾಡು, ಕೊಡಗಿನಲ್ಲಿ ಬೆಳೆಯುವ ಬೀಟೆ ಮರವೇ. ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಬ್ರೆಜಿಲ್‌ನ ಬೀಟೆ ಬಿಟ್ಟು ಭಾರತದ ಬೀಟೆಗೆ ಬಂತು. ಅದನ್ನು ನೆನೆದರೆ ನನಗೆ ಈಗಲೂ ಖುಷಿಯಾಗುತ್ತದೆ. ಆದರೆ ಮೂರು ಸಾವಿರದ ಗಿಟಾರ್‌ನ ಕಪ್ಪು ಫ್ರೆಟ್‌ಬೋರ್ಡ್ ಬೀಟೆ ಅಂತ ನಂಬಬೇಡಿ. ಬಿಳಿ ಕರ್ಚೀಫಿನ ತುದಿ ಒದ್ದೆ ಮಾಡಿ ಮೆಲ್ಲಗೆ ಒರೆಸಿ. ಬಟ್ಟೆಗೆ ಕಪ್ಪು ಹತ್ತಿದರೆ ಅದು ಬಣ್ಣ ಬಳಿದ ಮರ. ನುಡಿಸಲು ಅಡ್ಡಿಯಿಲ್ಲ, ಬೀಟೆಯ ಬೆಲೆ ಮಾತ್ರ ಕೊಡಬೇಡಿ.

ಸೆಕೆಂಡ್ ಹ್ಯಾಂಡ್ ಆದರೆ

ನನ್ನನ್ನು ಕೇಳಿದರೆ ಕಡಿಮೆ ದುಡ್ಡಿಗೆ ಇದೇ ಒಳ್ಳೆಯ ದಾರಿ. ಆಸೆಯಿಂದ ಕೊಂಡು ಒಂದೆರಡು ತಿಂಗಳಲ್ಲಿ ಕಲಿಯುವುದು ಬಿಟ್ಟವರ ಗಿಟಾರ್‌ಗಳು ಫ್ರೆಟ್ ಕೂಡ ಸವೆಯದೆ ಮಾರಾಟಕ್ಕೆ ಬರುತ್ತವೆ. ಮೇಲೆ ಹೇಳಿದ್ದೆಲ್ಲ ಇಲ್ಲೂ ಮಾಡಿ. ಜತೆಗೆ ಒಂದು ಹಾಳೆಯ ತುದಿಯನ್ನು ಬ್ರಿಡ್ಜ್‌ನ ಹಿಂಬದಿಯ ಅಂಚಿಗೆ ಇಟ್ಟು ತಳ್ಳಿ. ಹಾಳೆ ಒಳಗೆ ನುಗ್ಗಿದರೆ ಬ್ರಿಡ್ಜ್‌ನ ಅಂಟು ಬಿಡುತ್ತಿದೆ. ಬ್ರಿಡ್ಜ್ ಹಿಂದಿನ ಹಲಗೆ ಹೊಟ್ಟೆಯಂತೆ ಉಬ್ಬಿದೆಯೇ ನೋಡಿ. ತಲೆ ಮತ್ತು ನೆಕ್ ಸೇರುವ ಕಡೆ ಉಗುರಿನಿಂದ ಸವರಿ, ಬಿರುಕಿದ್ದರೆ ಉಗುರಿಗೆ ಸಿಗಬಹುದು. ಬಾಡಿಯ ಮೇಲಿನ ಗೀರುಗಳನ್ನು ತೋರಿಸಿ ಬೆಲೆ ಇಳಿಸಿ, ಅವುಗಳಿಂದ ನಾದಕ್ಕೇನೂ ತೊಂದರೆಯಿಲ್ಲ.

ಹತ್ತಿರದಲ್ಲಿ ಅಂಗಡಿಯೇ ಇಲ್ಲದ ಊರಿನವರು ಆನ್‌ಲೈನ್‌ನಲ್ಲೇ ತರಿಸಬೇಕಾಗುತ್ತದೆ. ಹಾಗಿದ್ದರೆ ವಾಪಸ್ ಕೊಡುವ ಅವಕಾಶ ಎಷ್ಟು ದಿನ ಅಂತ ಮೊದಲೇ ಓದಿಕೊಳ್ಳಿ. ಬಾಕ್ಸ್ ಬಿಚ್ಚುವಾಗ ವಿಡಿಯೊ ಮಾಡಿಕೊಳ್ಳಿ. ಬಂದ ದಿನವೇ ಶ್ರುತಿ ಮಾಡಿ ಕಾರ್ಡ್ ಇಟ್ಟು ನೋಡಿ. ಬಾಕ್ಸನ್ನು ಅಷ್ಟು ಬೇಗ ಬಿಸಾಡಬೇಡಿ.

ಮನೆಗೆ ತಂದ ಮೇಲೆ

ಹೊಸ ತಂತಿ ಹಾಕಿಸಿ. ಅಂಗಡಿಯಲ್ಲಿ ‘10ರ ಗೇಜ್’ ಅಥವಾ ‘11ರ ಗೇಜ್’ ಅಂತ ಕೇಳಿ. ಅದು ಅತಿ ತೆಳು ತಂತಿಯ ದಪ್ಪ: ಇಂಚಿನ ಸಾವಿರದಲ್ಲಿ ಹತ್ತು ಅಥವಾ ಹನ್ನೊಂದು ಪಾಲು. 12ರದ್ದಕ್ಕಿಂತ ದನಿ ತುಸು ಸಣ್ಣಗೆ, ಆದರೆ ಬೆರಳಿಗೆ ಆರಾಮ. ತುದಿಗಳು ಗಟ್ಟಿಯಾದ ಮೇಲೆ 12ಕ್ಕೆ ಹೋಗಬಹುದು. ನೆಕ್ ಒಳಗಿನ ಕಬ್ಬಿಣದ ಸರಳನ್ನು ಅಲೆನ್ ಕೀ ಹಾಕಿ ನೀವೇ ತಿರುಗಿಸಲು ಹೋಗಬೇಡಿ. ಮೊದಲ ಸಲ ಗೊತ್ತಿದ್ದವರು ಮಾಡುವುದನ್ನು ಪಕ್ಕದಲ್ಲಿ ನಿಂತು ನೋಡಿ.

ಗಿಟಾರನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಯಾವತ್ತೂ ಬಿಡಬೇಡಿ, ಅಂಟು ಮೆತ್ತಗಾಗುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಇಣುಕಬಹುದು. ಮಂಗಳೂರಿನ ಮಳೆಗಾಲದಲ್ಲಿ ಹಲಗೆ ತೇವ ಹೀರಿ ಉಬ್ಬಿ ತಂತಿ ಮೇಲೇರಬಹುದು. ಕರಾವಳಿಯವರು ಗಿಟಾರನ್ನು ಬ್ಯಾಗಿನೊಳಗೇ ಇಡಿ, ಹೊಸ ಚಪ್ಪಲಿ ಡಬ್ಬಿಯಲ್ಲಿ ಸಿಗುವ ಸಿಲಿಕಾ ಪೊಟ್ಟಣಗಳನ್ನು ಕೂಡಿಟ್ಟು ನಾಲ್ಕೈದು ಜತೆಗೆ ಹಾಕಿ. ಆಷಾಢದ ಹೊತ್ತಿಗೆ ಕೈಗೆ ತಂತಿ ಬಿರುಸು ಅನ್ನಿಸತೊಡಗಿದರೆ, ಮತ್ತೆ ಆ ಮೂರು ಕಾರ್ಡ್ ಹೊರತೆಗೆದು 12ನೇ ಫ್ರೆಟ್ ಮೇಲೆ ಇಟ್ಟು ನೋಡಿ.