ಹಳೆ ಜರ್ಮನ್, ಬ್ರಿಟಿಷ್ ನಾಣ್ಯ ಕೂಡಿಸೋದು, ಅವುಗಳ ಸ್ಥಿತಿ ನೋಡೋದು: ನನ್ನ ಅನುಭವ

ನಮ್ಮನೇಲಿ ಅಜ್ಜಿ ಕಾಲದ ವಿಕ್ಟೋರಿಯಾ ರಾಣಿ ಬೆಳ್ಳಿ ರೂಪಾಯಿಗಳು ಇವೆ, ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಅವನ್ನ ಹೊರಗೆ ತೆಗೆದು ವಿಭೂತಿ ಹಾಕಿ ಚೆನ್ನಾಗಿ ತಿಕ್ಕಿ ಫಳಫಳ ಅನ್ನೋ ಹಾಗೆ ಮಾಡಿ ಕಲಶದ ಮುಂದೆ ಇಡ್ತಾರೆ. ಹೊಳೆಯೋ ನಾಣ್ಯ ಅಂದ್ರೆ ಒಳ್ಳೆ ನಾಣ್ಯ ಅಂತ ನನ್ನ ತಲೇಲಿ ಕೂತಿದ್ದು ಅಲ್ಲಿಂದಾನೇ. ಕೆಲಸದ ಮೇಲೆ ಜರ್ಮನಿಯ ಸ್ಟಟ್‌ಗಾರ್ಟ್‌ಗೆ ಬಂದ ಮೇಲೆ ಇಲ್ಲಿ ಕಾರ್ಲ್ಸ್‌ಪ್ಲಾಟ್ಸ್‌ನಲ್ಲಿ ಶನಿವಾರ ನಡೆಯೋ ಹಳೆ ಸಾಮಾನಿನ ಸಂತೆಗೆ ಹೋಗೋಕೆ ಶುರು ಮಾಡ್ದೆ, ಮೊದಲನೇ ತಿಂಗಳಲ್ಲೇ 1876ರ ಪ್ರಶ್ಯಾದ (ಆಗಿನ ಜರ್ಮನ್ ಸಾಮ್ರಾಜ್ಯದ ಒಂದು ರಾಜ್ಯ) 5 ಮಾರ್ಕ್ ಬೆಳ್ಳಿ ನಾಣ್ಯ ಒಂದನ್ನ 45 ಯೂರೋ ಕೊಟ್ಟು ತಗೊಂಡೆ, ಬೆಳ್ಳಗೆ ಮಿಂಚ್ತಾ ಇತ್ತು, ಮನೆಗೆ ತಂದು ಹತ್ತು ಸಲ ನೋಡ್ದೆ. ಆಮೇಲೆ ನಲವತ್ತು ವರ್ಷದಿಂದ ನಾಣ್ಯ ಕೂಡಿಸ್ತಿರೋ ಒಬ್ಬ ಹಿರಿಯರಿಗೆ ತೋರಿಸಿದಾಗ ಅವರು ಅದನ್ನ ಬಲ್ಬ್ ಕೆಳಗೆ ಒಂದೇ ಸಲ ತಿರುಗಿಸಿ ‘ಗೆಪುಟ್ಸ್ಟ್’ ಅಂದ್ರು. ತಿಕ್ಕಿದ್ದು ಅಂತ. ಆ ಒಂದು ಮಾತಲ್ಲಿ ನಾಣ್ಯದ ಬೆಲೆ ಹೆಚ್ಚು ಕಮ್ಮಿ ಬೆಳ್ಳಿ ತೂಕಕ್ಕೆ ಇಳೀತು.

ಅವತ್ತು ಅವರು ಕಲಿಸಿದ್ದನ್ನೇ ನಾನು ಇವತ್ತಿಗೂ ಮೊದಲು ಮಾಡೋದು. ಟ್ಯೂಬ್‌ಲೈಟ್ ಕೆಳಗೆ ನೋಡಬಾರದು, ಒಂದೇ ಒಂದು ಬಲ್ಬ್ ಇರಬೇಕು, ನಾಣ್ಯವನ್ನ ಅಂಚಿನಲ್ಲಿ ಹಿಡ್ಕೊಂಡು ನಿಧಾನಕ್ಕೆ ಓರೆ ಮಾಡ್ತಾ ತಿರುಗಿಸಬೇಕು. ಟಂಕಸಾಲೆಯಿಂದ ಬಂದ ಹೊಳಪು ಹಾಗೇ ಉಳಿದಿದ್ರೆ ಬೆಳಕು ಸೈಕಲ್ ಚಕ್ರದ ಕಡ್ಡಿಗಳ ಥರ ನಾಣ್ಯದ ಮೇಲೆ ಸುತ್ತುತ್ತೆ, ಅದು ಅಚ್ಚು ಒತ್ತುವಾಗ ಲೋಹ ಹರಿದು ಆಗೋ ಸಣ್ಣ ಸಣ್ಣ ಗೆರೆಗಳಿಂದ ಬರೋದು, ಒಂದು ಸಲ ಹೋದ್ರೆ ವಾಪಸ್ ಬರಲ್ಲ. ತಿಕ್ಕಿದ ನಾಣ್ಯದಲ್ಲಿ ಬೆಳಕು ಸುತ್ತಲ್ಲ, ಸ್ಟೀಲ್ ತಟ್ಟೆ ಥರ ಒಂದೇ ಕಡೆ ಹೊಳೆಯುತ್ತೆ, ಲೆನ್ಸ್ ಇಟ್ಟು ನೋಡಿದ್ರೆ ಖಾಲಿ ಜಾಗದಲ್ಲಿ ಕೂದಲೆಳೆ ಥರ ಗೀರುಗಳು ಒಂದೇ ದಿಕ್ಕಿಗೆ ಮಲಗಿರ್ತವೆ. ಬ್ರಿಟಿಷ್ ಪೆನ್ನಿಗಳಲ್ಲಿ, ಅಂದ್ರೆ 1860ರಿಂದ ಬಂದ ಕಂಚಿನವುಗಳಲ್ಲಿ, ಇದು ಇನ್ನೂ ಸುಲಭ, ಯಾಕಂದ್ರೆ ತಾಮ್ರದ ಚೊಂಬನ್ನ ಹುಣಸೆಹಣ್ಣಲ್ಲಿ ತೊಳೆದಾಗ ಬರೋ ಆ ಗುಲಾಬಿ ಬಣ್ಣ ನಮಗೆಲ್ಲ ಗೊತ್ತು, ಅದೇ ಬಣ್ಣ ನೂರು ವರ್ಷದ ಪೆನ್ನಿ ಮೇಲೆ ಕಂಡ್ರೆ ಕೈ ಹಾಕಲೇಬೇಡಿ. ಕಂದು ಬಣ್ಣಕ್ಕೆ ತಿರುಗಿರೋದೇ ವಾಸಿ.

ಇನ್ನೊಂದು ಗೊಂದಲ ಭಾಷೇದು. ನಾಣ್ಯ ಎಷ್ಟು ಸವೆದಿದೆ ಅಂತ ಹೇಳೋ ಜರ್ಮನ್ನರ ಗ್ರೇಡಲ್ಲಿ ‘ಶೋನ್’ ಅಂತ ಇದೆ, ಸುಂದರ ಅಂತ ಅರ್ಥ, ನಾನು ಹೊಸದರಲ್ಲಿ ಅದನ್ನ ಓದಿ ಖುಷಿಯಾಗಿ ಆರ್ಡರ್ ಮಾಡ್ದೆ, ಬಂದಿದ್ದು ನೋಡಿದ್ರೆ ರಾಜನ ಕೂದಲೆಲ್ಲ ಸವೆದು ಬೋಳಾಗಿತ್ತು. ಅವರ ಶೋನ್ ಅಂದ್ರೆ ಬ್ರಿಟಿಷರ ಫೈನ್‌ಗೆ ಹತ್ತಿರ, ಅಂದ್ರೆ ಚೆನ್ನಾಗೇ ಸವೆದಿದ್ದು. ‘ಜೇರ್ ಶೋನ್’ ಅಂದ್ರೆ ವೆರಿ ಫೈನ್, ‘ಫೋರ್‌ತ್ಸ್ಯೂಗ್ಲಿಶ್’ ಅಂದ್ರೆ ಎಕ್ಸ್‌ಟ್ರೀಮ್ಲಿ ಫೈನ್, ‘ಸ್ಟೆಂಪೆಲ್‌ಗ್ಲಾನ್ಸ್’ ಅಂದ್ರೆ ಚಲಾವಣೆಗೇ ಹೋಗದೆ ಹೊಳಪು ಪೂರ್ತಿ ಉಳಿದಿರೋದು. ನನ್ನ ಬಜೆಟ್‌ಗೆ ಒಳ್ಳೆ ಜೇರ್ ಶೋನ್ ಸಾಕು, ತಿಕ್ಕದೇ ಇರೋ ಜೇರ್ ಶೋನನ್ನ ನಾನು ತಿಕ್ಕಿದ ಫೋರ್‌ತ್ಸ್ಯೂಗ್ಲಿಶ್‌ಗಿಂತ ಯಾವಾಗಲೂ ಮೇಲೆ ಇಡ್ತೀನಿ.

ಸವೆತ ಎಲ್ಲಿ ಮೊದಲು ಶುರುವಾಗುತ್ತೆ ಅಂತ ಪ್ರತಿ ನಾಣ್ಯಕ್ಕೂ ಬೇರೆ ಬೇರೆ ಕಲೀಬೇಕು. ಎತ್ತರ ಇರೋ ಜಾಗ ಮೊದಲು ಹೋಗುತ್ತೆ, ಅಷ್ಟೇ. ಜರ್ಮನ್ ಕಡೆ ರಾಜನ ಕಿವಿ ಮೇಲಿನ ಕೂದಲು ನೋಡಿ, ಹಿಂದೆ ತಿರುಗಿಸಿ ಹದ್ದಿನ ಎದೆ ಮೇಲಿರೋ ಚಿಕ್ಕ ಗುರಾಣಿ ನೋಡಿ, ಅದರೊಳಗಿನ ಗೆರೆಗಳು ಕಾಣ್ತಿವೆಯಾ ಇಲ್ವಾ ಅಂತ. ಬ್ರಿಟಿಷ್ ಕಡೆ ಏಳನೇ ಎಡ್ವರ್ಡ್ ನಾಣ್ಯಗಳಲ್ಲಿ ಕಿವಿ ಮತ್ತು ಗಡ್ಡ.

ಐದನೇ ಜಾರ್ಜ್ ಪೆನ್ನಿ ವಿಷಯ ಮಾತ್ರ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ಅಲ್ಲಿ ನಾನು ಎಷ್ಟೋ ಒಳ್ಳೆ ನಾಣ್ಯ ಸವೆದಿದೆ ಅಂತ ವಾಪಸ್ ಇಟ್ಟುಬಿಟ್ಟಿದ್ದೀನಿ. ಲಂಡನ್‌ನಲ್ಲಿ ಅಕ್ಕನ ಮನೆಗೆ ಹೋದಾಗೆಲ್ಲ ಪೋರ್ಟೊಬೆಲ್ಲೊ ರೋಡ್ ಸಂತೆಗೆ ಹೋಗಿ ಡಬ್ಬಿ ತುಂಬಾ ಪೆನ್ನಿ ಹುಡುಕ್ತಿದ್ದೆ, ರಾಜನ ಮುಖ ಚೆನ್ನಾಗಿರೋದು, ತಿರುಗಿಸಿದ್ರೆ ಹಿಂದೆ ಕೂತಿರೋ ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಹೆಣ್ಣಿನ ಚಿತ್ರ) ಮುಖ ಅಳಿಸಿ ಹೋದ ಹಾಗಿರೋದು. ಅದು ಸವೆತ ಅಲ್ಲ. ಆ ರಾಜನ ತಲೆಯನ್ನ ಅಚ್ಚಲ್ಲಿ ತುಂಬಾ ಎತ್ತರ ಮಾಡಿಬಿಟ್ಟಿದ್ರು, ಲೋಹ ಎಲ್ಲ ಆ ಕಡೆಗೆ ಎಳ್ಕೊಂಡು ಹೋಗಿ ಹಿಂದಿನ ಕಡೆ ಅಚ್ಚು ಪೂರ್ತಿ ಮೂಡ್ತಾನೇ ಇರಲಿಲ್ಲ, ಕೆಲವದರಲ್ಲಂತೂ ರಾಜನ ತಲೆಯ ಆಕಾರ ಹಿಂದೆ ನೆರಳಿನ ಥರ ಕಾಣುತ್ತೆ. 1926ರಲ್ಲಿ ತಲೆಯ ಚಿತ್ರವನ್ನೇ ತಿದ್ದಬೇಕಾಯ್ತು. ಹಾಗಾದ್ರೆ ಸವೆತಾನಾ ಅಚ್ಚಿನ ದೋಷಾನಾ ಅಂತ ಹೆಂಗೆ ಗೊತ್ತಾಗುತ್ತೆ? ಮತ್ತೆ ಬಲ್ಬೇ. ಮೂಡದೇ ಇರೋ ಜಾಗದಲ್ಲೂ ಹೊಳಪು ಓಡ್ತಿದ್ರೆ ಅದು ಅಚ್ಚಿನ ದೋಷ, ಹೊಳಪು ಆ ಜಾಗದಲ್ಲಿ ನಿಂತುಹೋಗಿ ಮಂಕಾಗಿದ್ರೆ ಸವೆತ.

ತೂಕಕ್ಕೆ 0.01 ಗ್ರಾಂ ತೋರಿಸೋ ಚಿಕ್ಕ ತಕ್ಕಡಿ ಇದೆ, ಜೇಬಲ್ಲೇ ಇರುತ್ತೆ. ಜರ್ಮನ್ ಸಾಮ್ರಾಜ್ಯದ ಕಾಲದ ಲೆಕ್ಕ ನನಗೆ ತುಂಬಾ ಇಷ್ಟ, 1 ಮಾರ್ಕ್‌ಗೆ ಸರಿಯಾಗಿ 5 ಗ್ರಾಂ ಶುದ್ಧ ಬೆಳ್ಳಿ, 2ಕ್ಕೆ 10, 3ಕ್ಕೆ 15, 5ಕ್ಕೆ 25. ಬೆಳ್ಳಿ 90% ಆದ್ದರಿಂದ 3 ಮಾರ್ಕ್ ಒಟ್ಟು ತೂಕ 16.67 ಗ್ರಾಂ, 5 ಮಾರ್ಕ್ 27.78. ಸವೆದಿದ್ರೆ ಸ್ವಲ್ಪ ಕಮ್ಮಿ ಇರುತ್ತೆ, ಜಾಸ್ತಿ ಇದ್ರೆ ಅಥವಾ ಒಂದು ಗ್ರಾಂ ಕಮ್ಮಿ ಇದ್ರೆ ನಾನು ಮುಟ್ಟಲ್ಲ. ಬ್ರಿಟಿಷರ ಹಾಫ್ ಕ್ರೌನ್ ಅನ್ನೋ ನಾಣ್ಯ 14.14 ಗ್ರಾಂ, ಆದ್ರೆ ಇಲ್ಲಿ ತೂಕ ಒಂದೇ ನೋಡಿದ್ರೆ ಮೋಸ ಹೋಗ್ತೀರ, 1919ರ ತನಕ 92.5% ಬೆಳ್ಳಿ, 1920ರಿಂದ 50%, 1947ರಿಂದ ಬೆಳ್ಳೀನೇ ಇಲ್ಲ, ತೂಕ ಮಾತ್ರ ಎಲ್ಲಕ್ಕೂ ಒಂದೇ. ಇಸವಿ ಓದೋದು ಮರೀಬೇಡಿ.

ಅಂಚನ್ನ ಜನ ನೋಡೋದೇ ಇಲ್ಲ. 3 ಮತ್ತು 5 ಮಾರ್ಕ್ ಅಂಚಲ್ಲಿ ‘ಗಾಟ್ ಮಿಟ್ ಉನ್ಸ್’, ದೇವರು ನಮ್ಮ ಜೊತೆ ಅಂತ, ಅಕ್ಷರ ಒಳಗೆ ಕೊರೆದಿರುತ್ತೆ, ಅದು ಚಿಕ್ಕದಾಗಿ ವಕ್ರವಾಗಿ ಇದ್ರೆ ಅನುಮಾನ ಪಡಿ. ಇನ್ನೊಂದು, ನಮ್ಮಲ್ಲಿ ಕಾಸಿನ ಸರ ಮಾಡಿಸ್ಕೊಂಡ ಹಾಗೆ ಅಲ್ಲೂ ಹೆಂಗಸರು ನಾಣ್ಯಕ್ಕೆ ಕೊಂಡಿ ಹಾಕಿಸಿ ಕೊರಳಿಗೆ ಹಾಕ್ಕೊಳ್ತಿದ್ರು, ಆಮೇಲೆ ಕೊಂಡಿ ಕಿತ್ತು ಮಾರ್ತಾರೆ. ರಾಜನ ತಲೆ ಮೇಲೆ, ಗಡಿಯಾರದ 12 ಇರೋ ಕಡೆ ಅಂಚನ್ನ ಬೆರಳಲ್ಲಿ ಸವರಿ, ಬೆಸುಗೆ ಹಾಕಿದ ಗುರುತು ಕೈಗೆ ಸಿಗುತ್ತೆ. ಬೆಲೆ ಅರ್ಧಕ್ಕಿಂತ ಕೆಳಗೆ ಕೇಳಿ.

ನಾನು ಸಂಕಟಪಟ್ಟಿದ್ದು ಇಟ್ಟುಕೊಳ್ಳೋ ವಿಷಯದಲ್ಲಿ. ಮೆತ್ತಗಿರೋ ಪಿವಿಸಿ ಪ್ಲಾಸ್ಟಿಕ್ ಜೇಬಿನ ಆಲ್ಬಂ ತಗೊಂಡು ಎರಡು ವರ್ಷ ಹಾಗೇ ಇಟ್ಟಿದ್ದೆ, ಒಂದಿನ ತೆಗೆದು ನೋಡಿದ್ರೆ ಹನ್ನೊಂದು ನಾಣ್ಯದ ಮೇಲೆ ಹಸಿರು ಹಸಿರು ಅಂಟು. ಶುದ್ಧ ಅಸಿಟೋನ್‌ನಲ್ಲಿ ಗಾಜಿನ ಬಟ್ಟಲಲ್ಲಿ ನೆನೆಸಿಟ್ಟೆ, ಉಜ್ಜಲಿಲ್ಲ, ಕಿಟಕಿ ತೆಗೆದಿಟ್ಟು ಮಾಡಿದ್ದು, ಎಂಟು ಸರಿಯಾದ್ವು, ಮೂರರಲ್ಲಿ ಲೋಹಾನೇ ತಿಂದುಹಾಕಿತ್ತು. ಈಗ ಮೈಲಾರ್ ಹಾಳೆ (ಪಿವಿಸಿ ಅಲ್ಲದ ತೆಳು ಪ್ಲಾಸ್ಟಿಕ್) ಇರೋ ರಟ್ಟಿನ ಫ್ರೇಮ್ ಮಾತ್ರ.

ಅಮ್ಮನಿಗೆ ಫೋನಲ್ಲಿ ಇದನ್ನೆಲ್ಲ ಹೇಳಿ ಅಜ್ಜಿ ರೂಪಾಯಿಗೆ ವಿಭೂತಿ ಹಚ್ಚಬೇಡಮ್ಮ ಅಂದೆ, ಲಕ್ಷ್ಮೀ ಮುಂದೆ ಕಪ್ಪಗಿರೋದು ಇಡ್ತಾರೇನೋ ಅಂದ್ರು, ಅದೂ ಸರೀನೇ ಅನ್ನಿಸ್ತು, ಅವು ಪೂಜೇಗೆ ಇರಲಿ. ಇಲ್ಲಿಗೆ ತರೋ ಆಸೆ ಬಿಟ್ಟಿದ್ದೀನಿ, ನೂರು ವರ್ಷ ದಾಟಿದ ನಾಣ್ಯವನ್ನ ನಮ್ಮ ದೇಶದಿಂದ ಹೊರಗೆ ತಗೊಂಡು ಹೋಗೋಕೆ 1972ರ ಪುರಾತನ ವಸ್ತುಗಳ ಕಾಯ್ದೆ ಅಡ್ಡ ಬರುತ್ತೆ.

ಈಗ ಹುಡುಕ್ತಿರೋದು ನಮ್ಮೂರಿಂದೇ, ಅಂದ್ರೆ ಸ್ಟಟ್‌ಗಾರ್ಟ್ ಟಂಕಸಾಲೆಯ ಎಫ್ ಗುರುತಿನ 1911ರ ವ್ಯೂರ್ಟೆಂಬರ್ಗ್ ರಾಜ್ಯದ 3 ಮಾರ್ಕ್, ರಾಜ ರಾಣಿಯ ಮದುವೆಯ ಬೆಳ್ಳಿಹಬ್ಬಕ್ಕೆ ಮಾಡಿದ್ದು. ಅದರಲ್ಲಿ ರಾಣಿ ಶಾರ್ಲೊಟ್ಟೆ ಹೆಸರಿನ ಎಚ್ ಅಕ್ಷರದ ಅಡ್ಡಗೆರೆ ಸ್ವಲ್ಪ ಮೇಲಿರೋದು ಅಪರೂಪ. ಇಲ್ಲಿ ತನಕ ಇಪ್ಪತ್ತಾರು ನೋಡಿದ್ದೀನಿ, ಎಲ್ಲದರಲ್ಲೂ ಗೆರೆ ಮಾಮೂಲಿ ಜಾಗದಲ್ಲೇ ಇತ್ತು.